ಊರಿಗೆ ಕೊಡುವ ಹಣ: ಸಗರ ನಾಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆತನದ ಟ್ರಸ್ಟ್, ದತ್ತಿ, ಅನುದಾನಗಳ ಬಗ್ಗೆ ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ನಾವು ಮೂವರು ಅಣ್ಣತಮ್ಮಂದಿರು. ಊರು ಕೆಂಭಾವಿ ಹತ್ತಿರ. ನಮ್ಮಪ್ಪ ಗುತ್ತಿಗೆ ಕೆಲಸ ಹಿಡಿದು ಬೆಂಗಳೂರಿಗೆ ಬಂದು ಇಲ್ಲೇ ಮೇಲೆ ಬಂದವರು. ಹೋದ ವರ್ಷ ತೀರಿಕೊಂಡರು. ‘ಊರಿಗೆ ಏನರ ಮಾಡ್ರಿ’ ಎಂದು ಹೇಳಿಯೇ ಹೋದರು. ಒಂದು ಸೈಟು ಮಾರಿ 1 ಕೋಟಿ ರೂಪಾಯಿ ತೆಗೆದಿಟ್ಟಿದ್ದೇವೆ. ಅಪ್ಪನ ಹೆಸರಲ್ಲಿ ಕಲ್ಯಾಣ ಮಂಟಪ ಆಗಲಿ ಎಂದು ದೊಡ್ಡಣ್ಣ, ಶಾಲೆಗೆ ಎರಡು ಕೋಣೆ ಕಟ್ಟಿಸೋಣ ಎಂದು ನಡುವಿನವನು. ನನಗೆ ಎರಡೂ ಒಗ್ಗುತ್ತಿಲ್ಲ. ಏನು ಮಾಡಬೇಕು?

ಉತ್ತರ: ಕಲ್ಯಾಣ ಮಂಟಪ ಬೇಡ. ಅದು ವರ್ಷದಲ್ಲಿ ಕೆಲವೇ ದಿನ ತೆರೆಯುತ್ತದೆ, ಬಾಡಿಗೆ ಕೊಡಬಲ್ಲವರಿಗೆ ಒದಗುತ್ತದೆ, ಹತ್ತು ವರ್ಷದಲ್ಲಿ ಬಣ್ಣಕ್ಕೂ ರಿಪೇರಿಗೂ ಮತ್ತೆ ನಿಮ್ಮ ಹತ್ತಿರವೇ ಬರುತ್ತದೆ. ಶಾಲಾ ಕೋಣೆ ಅದಕ್ಕಿಂತ ಮೇಲು. ಆದರೆ ಕೋಣೆ ಕಟ್ಟಲು ಸರ್ಕಾರದ ಕೈಯಲ್ಲಿ ಹಣವಿದೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷ ವರ್ಷವೂ ಸಾವಿರಾರು ಕೋಟಿ ಘೋಷಣೆಯಾಗುತ್ತದೆ. ಅದರ ಪಕ್ಕದಲ್ಲಿ ನಿಮ್ಮ ಒಂದು ಕೋಟಿ ಕಾಣಿಸುವುದೇ ಇಲ್ಲ. ಸರ್ಕಾರದ ಹಣ ಹೋಗಲಾರದ ಕಡೆ ಅದೇ ಕೋಟಿ ದೊಡ್ಡದಾಗುತ್ತದೆ.

ಲೆಕ್ಕ ನೋಡಿ. ಕೋಟಿಯನ್ನು ಮೂಲಧನವಾಗಿ ಬ್ಯಾಂಕಿನಲ್ಲಿಟ್ಟು ಶೇ 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 7 ಲಕ್ಷ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಟ್ರಸ್ಟ್ ತನ್ನ ವರ್ಷದ ಆದಾಯದಲ್ಲಿ ಶೇ 85ನ್ನಾದರೂ ಉದ್ದೇಶಕ್ಕೆ ಖರ್ಚು ಮಾಡಬೇಕು. ಅಂದರೆ ಸುಮಾರು 6 ಲಕ್ಷ. ಇಷ್ಟರಲ್ಲಿ ವರ್ಷಕ್ಕೊಂದು ಕೋಣೆಯ ಅರ್ಧವೂ ಏಳುವುದು ಕಷ್ಟ. ಡಿಗ್ರಿಗೆ ಸೇರಿದ 20 ಹೆಣ್ಣುಮಕ್ಕಳಿಗೆ ತಲಾ 30 ಸಾವಿರ ಕೊಡಲು ಮಾತ್ರ ಸರಿಯಾಗಿ ಸಾಕು. ಅಥವಾ ಒಂದೆರಡು ಊರಲ್ಲಿ ಸಂಜೆ ಪಾಠಕ್ಕೆ ಅಲ್ಲಿಯವರೇ ಆದ, ಓದಿಕೊಂಡ ನಾಲ್ಕು ಮಂದಿ ಯುವತಿಯರಿಗೆ ಗೌರವಧನ ಕೊಡಬಹುದು. ಅಥವಾ ಬಸ್ ಹೋಗದ ತಾಂಡಾ, ದೊಡ್ಡಿಗಳಿಂದ ಹೈಸ್ಕೂಲಿಗೆ ಬರುವ ಮಕ್ಕಳಿಗೆ ಟಂಟಂ ಗೊತ್ತು ಮಾಡಬಹುದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ನಿಜ. ಆದರೆ ಬಸ್ಸು ನಿಲ್ಲುವ ಡಾಂಬರು ರಸ್ತೆಗೂ ತಾಂಡಾಕ್ಕೂ ನಡುವಿನ ಮೂರ್ನಾಲ್ಕು ಕಿಲೋಮೀಟರು ಹಾಗೇ ಇದೆ. ಏಳನೆಯ ಇಲ್ಲವೇ ಎಂಟನೆಯ ತರಗತಿ ಮುಗಿಸಿದ ಹುಡುಗಿಯನ್ನು ಮನೆಯವರು ಶಾಲೆ ಬಿಡಿಸುವುದು ಎಷ್ಟೋ ಸಲ ಆ ಮೂರ್ನಾಲ್ಕು ಕಿಲೋಮೀಟರಿನ ಅಂಜಿಕೆಗೆ. ಸರ್ಕಾರದ ಹಣ ಅಲ್ಲಿಯ ತನಕ ಮುಟ್ಟುವುದು ಕಷ್ಟ. ನಿಮ್ಮಂಥವರು ಕೈ ಹಾಕಬೇಕಾದ್ದು ಅಲ್ಲಿ.

ಇನ್ನೊಂದು, ಗುಳೆ. ಸುಗ್ಗಿ ಮುಗಿಯುತ್ತಿದ್ದಂತೆ ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಇಡೀ ಕುಟುಂಬಗಳೇ ಹೊರಡುತ್ತವೆ. ನಿಮ್ಮ ತಂದೆಯವರು ಗುತ್ತಿಗೆದಾರರಾಗಿದ್ದರೆ ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹೋಗದೆ ಉಳಿದ ಮನೆಗಳಲ್ಲೂ ಹತ್ತಿ ಬಿಡಿಸುವ ದಿನಗಳಲ್ಲಿ ಮಕ್ಕಳು ಹೊಲದಲ್ಲಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಬೆಂಚಿನ ಮೇಲೆ ಮಗು ಇರುವುದಿಲ್ಲ. ಅಪ್ಪ ಅಮ್ಮ ಗುಳೆ ಹೋದಾಗ ಮಗು ಅಜ್ಜಿಯ ಹತ್ತಿರವೋ ಕಾಕಾನ ಮನೆಯಲ್ಲೋ ಉಳಿದು ಶಾಲೆಗೆ ಬರುವಂತೆ ಮಾಡಲು ಬೇಕಾಗುವುದು ಬೆಳಗಿನ ಒಂದು ಊಟ, ರಾತ್ರಿಯ ಒಂದು ಊಟ, ವಿಚಾರಿಸಿಕೊಳ್ಳುವ ಒಬ್ಬ ಮನುಷ್ಯ. ಮಧ್ಯಾಹ್ನದ್ದು ಶಾಲೆಯಲ್ಲೇ ಸಿಗುತ್ತದೆ.

ಕಟ್ಟಡಕ್ಕಿಂತ ಮನುಷ್ಯರಿಗೆ ದತ್ತಿ ಬಿಡುವುದು ನಮ್ಮ ಕಡೆಗೆ ಹೊಸದಲ್ಲ. ಯಾದಗಿರಿಗೆ ಹತ್ತಿರದ ಚಿತ್ತಾಪುರ ತಾಲ್ಲೂಕಿನ ನಾಗಾವಿಯಲ್ಲಿ 1058ರ ಶಾಸನವಿದೆ. ಕಲ್ಯಾಣ ಚಾಲುಕ್ಯರ ದಂಡನಾಯಕ ಮಧುಸೂದನ ಅಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರ ಕಟ್ಟಿಸಿದ. 200 ವೇದ ವಿದ್ಯಾರ್ಥಿಗಳು, 50ರಷ್ಟು ಶಾಸ್ತ್ರ ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವವರು, ಜೊತೆಗೆ ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಇವರ ಜೀವನೋಪಾಯವೂ ಆ ದತ್ತಿಯ ಭಾಗ. ಗೋಡೆ ಎಬ್ಬಿಸಿ ಕೈ ತೊಳೆದುಕೊಂಡಿದ್ದರೆ ಅಲ್ಲಿ ಪಾಠ ನಡೆಯುತ್ತಿರಲಿಲ್ಲ.

ಕಾಗದಪತ್ರ ಕಷ್ಟದ್ದಲ್ಲ. ಟ್ರಸ್ಟ್ ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಪ್ಯಾನ್ ಪಡೆದು, ಆದಾಯ ತೆರಿಗೆ ಇಲಾಖೆಯ ನೋಂದಣಿ ಮಾಡಿಸಿ. ಇದನ್ನೇ ಇವತ್ತಿಗೂ ಎಲ್ಲರೂ 12ಎ, 80ಜಿ ಎನ್ನುತ್ತಾರೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿದ್ದು ಸೆಕ್ಷನ್ನಿನ ಸಂಖ್ಯೆಗಳು ಬದಲಾಗಿವೆ. ಆದ್ದರಿಂದ ಡೀಡ್ ಬರೆಸುವ ಮೊದಲೇ ಲೆಕ್ಕ ಪರಿಶೋಧಕರನ್ನು ಕಾಣಿ. ಮೂವರು ಅಣ್ಣತಮ್ಮಂದಿರೇ ಟ್ರಸ್ಟಿಗಳಾಗಬೇಡಿ. ಊರಿನ ನಿವೃತ್ತ ಶಿಕ್ಷಕಿಯೊಬ್ಬರು, ಆಶಾ ಕಾರ್ಯಕರ್ತೆಯೊಬ್ಬರು ಜೊತೆಗಿರಲಿ. ಯಾವ ಮನೆಯ ಹುಡುಗಿ ಶಾಲೆ ಬಿಟ್ಟಳು, ಯಾಕೆ ಬಿಟ್ಟಳು ಎಂಬುದು ಅವರಿಗೆ ಗೊತ್ತಿರುತ್ತದೆ, ಬೆಂಗಳೂರಿನಲ್ಲಿ ಕೂತ ನಿಮಗಲ್ಲ. ಇನ್ನು, ಟ್ರಸ್ಟಿನ ಹಣದಿಂದ ನಿಮ್ಮ ಮನೆಯವರಿಗೆ, ನೆಂಟರಿಗೆ ಯಾವ ಲಾಭವೂ ಆಗಕೂಡದು. ಟ್ರಸ್ಟಿನಿಂದ ಕೈಗಡ ತೆಗೆಯುವುದು, ಅಣ್ಣನ ಮಗನಿಗೆ ಸ್ಕಾಲರ್‌ಶಿಪ್ ಕೊಡುವುದು, ಇಂಥದ್ದರಿಂದಲೇ ವಿನಾಯಿತಿ ಕೈತಪ್ಪುತ್ತದೆ.

ದೊಡ್ಡಣ್ಣನವರಿಗೆ ಹೀಗೆ ಹೇಳಿ. ಅಪ್ಪನ ಹೆಸರು ಟ್ರಸ್ಟಿಗೆ ಇದ್ದೇ ಇರುತ್ತದೆ, ಅದಕ್ಕೆ ಕಮಾನು ಬೇಕಿಲ್ಲ.

ಪ್ರಶ್ನೆ: ನಮ್ಮ ಮನೆತನದಿಂದ ಟ್ರಸ್ಟ್ ಮಾಡುತ್ತಿದ್ದೇವೆ. ಸ್ಕಾಲರ್‌ಶಿಪ್ ನಮ್ಮ ಸಮಾಜದ ಮಕ್ಕಳಿಗೆ ಮಾತ್ರ ಎಂದು ಡೀಡ್‌ನಲ್ಲಿ ಬರೆಸಬೇಕೆಂದು ಹಿರಿಯರು ಹಟ ಹಿಡಿದಿದ್ದಾರೆ. ಬರೆಸಬಹುದೇ? — ಶಹಾಪುರ

ಉತ್ತರ: ಬರೆಸಿದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. 1962ರ ಏಪ್ರಿಲ್ 1ರ ನಂತರ ಹುಟ್ಟಿದ ದತ್ತಿ ಟ್ರಸ್ಟ್ ಒಂದು ಜಾತಿಗೋ ಒಂದು ಧರ್ಮದವರಿಗೋ ಮೀಸಲಾದರೆ ವಿನಾಯಿತಿ ಇಲ್ಲವೆಂಬುದು ಬಹಳ ಹಿಂದಿನಿಂದ ಬಂದ ನಿಯಮ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗೆಂದು ಮಾಡಿದರೆ ಅದು ತಪ್ಪಾಗುವುದಿಲ್ಲ. ಆದ್ದರಿಂದ ‘ಬಡ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ’ ಎಂದು ಬರೆಸಿ. ಕಾನೂನಿಗೂ ಸರಿ, ಊರಿಗೂ ಸರಿ.

ಹಿರಿಯರು ಸಿರಸಂಗಿ ಲಿಂಗರಾಜರ ಉದಾಹರಣೆ ಕೊಡಬಹುದು. ಅದು ಬಹಳ ದೊಡ್ಡ ಉದಾಹರಣೆಯೇ. 1906ರಲ್ಲಿ ತೀರಿಕೊಂಡ ಆ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋದರು. ಅದರ ವಿದ್ಯಾರ್ಥಿವೇತನ ಲಿಂಗಾಯತ ಮಕ್ಕಳ ಒಂದು ತಲೆಮಾರನ್ನೇ ಕಾಲೇಜಿನ ಮೆಟ್ಟಿಲು ಹತ್ತಿಸಿತು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಒಂದೊಂದು ಸಮಾಜವೂ ತನ್ನ ಮಕ್ಕಳನ್ನು ತಾನೇ ಎತ್ತಿ ನಿಲ್ಲಿಸಬೇಕಾಗಿದ್ದ ಕಾಲ ಅದು. ಮೇಲೆ ಹೇಳಿದ ನಾಗಾವಿಯ ಘಟಿಕಾಸ್ಥಾನದ ವಿದ್ಯೆಯೂ ಕೆಲವರಿಗಷ್ಟೇ ಇದ್ದದ್ದು. ಅವರ ಔದಾರ್ಯವನ್ನು ನಾವು ತೆಗೆದುಕೊಳ್ಳೋಣ, ಅವರ ಕಾಲದ ಬೇಲಿಯನ್ನಲ್ಲ. ವಚನಕಾರ ದೇವರ ದಾಸಿಮಯ್ಯನ ಮುದನೂರು ಸುರಪುರದ ಸೀಮೆಯದು. ಪಂಕ್ತಿಯಲ್ಲಿ ಕೂತವನ ಕುಲ ಕೇಳದೆ ಬಡಿಸುವ ದಾಸೋಹ ಈ ನೆಲದ್ದೇ ಪದ್ಧತಿ. ಹಿರಿಯರ ಮುಂದೆ ಕಾನೂನಿಗಿಂತ ಮೊದಲು ಈ ಮಾತನ್ನೇ ಇಡಿ.

ಪ್ರಶ್ನೆ: ಅಜೀಂ ಪ್ರೇಮ್‌ಜಿ ಅವರು ನಮ್ಮ ಸೀಮೆಯವರಲ್ಲ. ಆದರೂ ಯಾದಗಿರಿಯಲ್ಲಿ ಇಷ್ಟು ವರ್ಷಗಳಿಂದ ಅವರ ಪ್ರತಿಷ್ಠಾನ ಇದೆ. ನಮ್ಮಲ್ಲೇ ಹುಟ್ಟಿ ಶ್ರೀಮಂತರಾದವರು ಎಲ್ಲಿ? — ನಿವೃತ್ತ ಶಿಕ್ಷಕ, ಸುರಪುರ

ಉತ್ತರ: ಗುರುಗಳೇ, ನಿಮ್ಮ ನೋವು ನನ್ನದೂ ಹೌದು. ಪ್ರೇಮ್‌ಜಿ ಅವರ ವಿಪ್ರೊ 1945ರಲ್ಲಿ ಮಹಾರಾಷ್ಟ್ರದ ಅಮಳನೇರದಲ್ಲಿ ಎಣ್ಣೆ ಕಾರ್ಖಾನೆಯಾಗಿ ಶುರುವಾದ ಮನೆತನದ ವ್ಯಾಪಾರ. 2019ರ ಹೊತ್ತಿಗೆ ವಿಪ್ರೊದಲ್ಲಿನ ಶೇ 67ರಷ್ಟು ಪಾಲಿನ ಆದಾಯವನ್ನು ಅವರು ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟಿದ್ದರು. ಅವರು ನಮ್ಮ ಸೀಮೆಗೆ ಬಂದದ್ದು ಹುಟ್ಟೂರೆಂದಲ್ಲ, ಅಗತ್ಯ ನೋಡಿ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕೊನೆಯ ಸ್ಥಾನ. ಹೆಣ್ಣುಮಕ್ಕಳದ್ದು ಬರೀ 41ರ ಆಸುಪಾಸು. ಕೇಂದ್ರ ಸರ್ಕಾರ 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ್ದು ಎರಡೇ, ರಾಯಚೂರು ಮತ್ತು ಯಾದಗಿರಿ.

ಅವರ ಕೆಲಸದಲ್ಲಿ ನಾನು ಮೆಚ್ಚುವುದು ಮೊತ್ತವನ್ನಲ್ಲ, ಕೂತ ರೀತಿಯನ್ನು. 2000ದ ದಶಕದ ನಡುವಿನಲ್ಲಿ ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳ ಜೊತೆ ಶುರು ಮಾಡಿದರು. ಆಗ ಯಾದಗಿರಿ ಜಿಲ್ಲೆಯೇ ಆಗಿರಲಿಲ್ಲ, ಕಲಬುರಗಿಯ ಭಾಗ. ಇಪ್ಪತ್ತು ವರ್ಷ ದಾಟಿತು, ಇನ್ನೂ ಇಲ್ಲೇ ಇದ್ದಾರೆ. ಶಿಕ್ಷಕರು ಶಾಲೆ ಬಿಟ್ಟ ಮೇಲೆ ಬಂದು ಕೂತು ಓದುವ, ಗಣಿತದ ಸಾಮಗ್ರಿ ಮುಟ್ಟಿ ನೋಡುವ, ತಮ್ಮ ತರಗತಿಯ ತೊಡಕು ಮಾತಾಡುವ ಕಲಿಕಾ ಕೇಂದ್ರಗಳನ್ನು ಮಾಡಿದರು. ಮಾಸ್ತರರನ್ನು ಬೈಯದೆ ಅವರ ಜೊತೆ ಕೂರುವ ಸಂಸ್ಥೆ ಅಪರೂಪ. ನಿಮಗೆ ಅದರ ಬೆಲೆ ಗೊತ್ತಿದೆ.

ಮೊಟ್ಟೆಯ ವಿಷಯವನ್ನೂ ಹೇಳಬೇಕು. 2021ರ ಡಿಸೆಂಬರ್‌ನಲ್ಲಿ ಯಾದಗಿರಿಯೂ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ, ಬಿಸಿಯೂಟಕ್ಕೆ ಮೊಟ್ಟೆ ಬಂತು. ವಿರೋಧವೂ ಬಂತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂದಾಯಿತು. ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರ ಜುಲೈನಲ್ಲಿ ಪ್ರತಿಷ್ಠಾನವು ಮೂರು ವರ್ಷಕ್ಕೆ 1,591 ಕೋಟಿ ರೂಪಾಯಿ ಕೊಡುವ ಒಪ್ಪಂದಕ್ಕೆ ಬಂದು, ವಾರಕ್ಕೆ ಎರಡು ದಿನ ಇದ್ದದ್ದು ಆರು ದಿನವಾಯಿತು. ಸರ್ಕಾರ ಮೊದಲೇ ನಡೆಸುತ್ತಿದ್ದ ಅಡುಗೆಮನೆಗೆ, ಮೊದಲೇ ಇದ್ದ ಅಡುಗೆಯಮ್ಮನ ಕೈಗೆ ಹಣ ಸೇರಿತು. ಹೊಸ ಬೋರ್ಡು, ಹೊಸ ಕಟ್ಟಡ ಏನೂ ಬೇಕಾಗಲಿಲ್ಲ. ಸಣ್ಣ ಟ್ರಸ್ಟ್‌ಗಳು ಇಲ್ಲಿಂದ ಕಲಿಯಬೇಕಾದ್ದಿದೆ. ಇರುವ ವ್ಯವಸ್ಥೆ ಎಲ್ಲಿ ಸಾಲದೆ ನಿಂತಿದೆಯೋ ಅಲ್ಲಿ ಹಣ ಸೇರಿಸಿ.

ನಮ್ಮಲ್ಲಿಯ ಶ್ರೀಮಂತರು ಎಲ್ಲಿ ಎಂದಿರಿ. ಮೇಲಿನ ಪತ್ರ ಬರೆದ ಕೆಂಭಾವಿ ಕಡೆಯ ಅಣ್ಣತಮ್ಮಂದಿರನ್ನು ನೋಡಿ. ಅವರು ಬರುತ್ತಿದ್ದಾರೆ. ದಾರಿ ತೋರಿಸಲು ನಿಮ್ಮಂಥ ನಿವೃತ್ತ ಶಿಕ್ಷಕರು ಬೇಕಾಗಿದ್ದಾರೆ.

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನವನು, ಈಗ ಅಮೆರಿಕದ ಪೌರ. ಊರಿನ ಒಂದು ಸಂಸ್ಥೆಗೆ ಪ್ರತಿ ವರ್ಷ ಹಣ ಕಳಿಸುವ ಆಸೆ. ನೇರವಾಗಿ ಕಳಿಸಬಹುದೇ? ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನ ಮಾಡಿದಂಥದ್ದು ನಮ್ಮಲ್ಲಿ ಆಗುವುದಿಲ್ಲವೇ?

ಉತ್ತರ: ನೇರವಾಗಿ ಕಳಿಸಬೇಡಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿ ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ನೀವು ಅಮೆರಿಕದ ಪೌರರಾದ್ದರಿಂದ, ಒಸಿಐ ಕಾರ್ಡ್ ಇದ್ದರೂ, ನಿಮ್ಮ ಒಂದು ರೂಪಾಯಿಯೂ ವಿದೇಶಿ ದೇಣಿಗೆಯೇ. ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರಬೇಕು, ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಒಂದು ಸಂಸ್ಥೆ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಈ ತಿದ್ದುಪಡಿ ದೊಡ್ಡ ಪೆಟ್ಟು. ನನ್ನ ಮಟ್ಟಿಗೆ ಅದು ಬೇಕಿರದ ಕಟ್ಟಳೆ. ಇರುವ ತನಕ ಪಾಲಿಸಲೇಬೇಕು. ಸ್ನೇಹಿತನ ಖಾತೆಗೆ ಹಾಕಿ ಅಲ್ಲಿಂದ ಸಂಸ್ಥೆಗೆ ಕೊಡಿಸಿದರೆ ಸಿಕ್ಕಿಬೀಳುವುದು ಊರಿನ ಸಂಸ್ಥೆ, ನೀವಲ್ಲ.

ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದೇಶಪಾಂಡೆ ದಂಪತಿ ಅಮೆರಿಕದಲ್ಲಿ 1996ರಲ್ಲಿ ಪ್ರತಿಷ್ಠಾನ ಮಾಡಿದರು. ಆಮೇಲೆ ತವರಿಗೆ ಬಂದಾಗ ದೇಶವೆಲ್ಲ ಸುತ್ತದೆ ಹುಬ್ಬಳ್ಳಿಯ ಸುತ್ತಲಿನ ಜಿಲ್ಲೆಗಳನ್ನೇ ಹಿಡಿದು ಕೂತರು. ರೈತರಿಗೆ ಕೃಷಿ ಹೊಂಡ, ನಿರುದ್ಯೋಗಿ ಯುವಕರಿಗೆ ಕೌಶಲ ತರಬೇತಿ, ಕಾಲೇಜು ಹುಡುಗರು ತಮ್ಮ ಊರಿನ ಸಮಸ್ಯೆಗೆ ತಾವೇ ಯೋಚಿಸಿದ ಕೆಲಸಕ್ಕೆ ಸಣ್ಣ ಸಣ್ಣ ಮೊತ್ತ. ಕೊನೆಯದು ನಿಮ್ಮ ಕೈಗೂ ಎಟುಕುವಂಥದ್ದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಕಡೆ ಭತ್ತ, ಬಾರದ ಕಡೆ ತೊಗರಿ. ಒಂದೇ ತಾಲ್ಲೂಕಿನಲ್ಲಿ ಎರಡು ಬೇರೆ ಬೇರೆ ಬದುಕುಗಳಿವೆ. ಅಂಥಲ್ಲಿ ಯಾವ ಊರಿಗೆ ಏನು ಬೇಕೆಂದು ಅಲ್ಲಿನ ಡಿಗ್ರಿ ಕಾಲೇಜಿನ ಹುಡುಗ ಹುಡುಗಿಯರೇ ಹೇಳಲಿ, ನೀವು ಡಲ್ಲಾಸಿನಿಂದಲೋ ಸ್ಯಾನ್‌ಹೋಸೆಯಿಂದಲೋ ಹೇಳುವುದು ಬೇಡ.

ಪ್ರಶ್ನೆ: ನಾವು ಯಾದಗಿರಿ ತಾಲ್ಲೂಕಿನಲ್ಲಿ ಸಣ್ಣ ಸಂಸ್ಥೆ ನಡೆಸುತ್ತೇವೆ. ಮನೆತನದ ಟ್ರಸ್ಟ್‌ಗಳನ್ನು ಕೇಳಿದರೆ ಬ್ಯಾಗು, ನೋಟ್‌ಬುಕ್ಕಿಗೆ ಕೊಡುತ್ತಾರೆ, ಸಂಬಳಕ್ಕೆ ಕೊಡುವುದಿಲ್ಲ. ಏನು ಮಾಡುವುದು?

ಉತ್ತರ: ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ಎಲ್ಲ ಸರ್ಕಾರವೇ ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಡುತ್ತದೆ. ಅದರ ಮೇಲೆ ಜೂನ್ ತಿಂಗಳಲ್ಲಿ ಒಂದೇ ಶಾಲೆಗೆ ಮೂರು ಕಡೆಯಿಂದ ಬ್ಯಾಗು ಬರುತ್ತವೆ, ಪಕ್ಕದ ತಾಂಡಾದ ಶಾಲೆಗೆ ಒಂದೂ ಬರುವುದಿಲ್ಲ. ಕೊಡುವವರಿಗೆ ಇದನ್ನು ಮುಖಕ್ಕೆ ಹೇಳಬೇಕು, ನಯವಾಗಿ ಹೇಳಬೇಕು. ಅರ್ಜಿಯಲ್ಲಿ ‘ಸಂಬಳ’ ಎಂಬ ಒಂದೇ ಸಾಲು ಹಾಕಿ ಬಿಡಬೇಡಿ. ಆ ಸಂಬಳ ಪಡೆಯುವ ಕಾರ್ಯಕರ್ತೆ ದಿನಕ್ಕೆ ಎಷ್ಟು ಮನೆಗೆ ಹೋಗುತ್ತಾಳೆ, ಎಷ್ಟು ಮಕ್ಕಳ ಹಾಜರಿ ನೋಡುತ್ತಾಳೆ, ಅವಳು ಇಲ್ಲದ ತಿಂಗಳು ಏನಾಯಿತು ಎಂದು ಬರೆಯಿರಿ. ಮೂರು ವರ್ಷದ ಒಪ್ಪಂದ ಕೇಳಿ. ಒಂದು ವರ್ಷದ ಅನುದಾನದಲ್ಲಿ ಮೊದಲ ನಾಲ್ಕು ತಿಂಗಳು ಜನರನ್ನು ಹುಡುಕುವುದಕ್ಕೆ, ಕೊನೆಯ ಮೂರು ತಿಂಗಳು ಮುಂದಿನ ಹಣ ಹುಡುಕುವುದಕ್ಕೆ ಹೋಗುತ್ತದೆ. ಲೆಕ್ಕಪತ್ರ ಮಾತ್ರ ಚೊಕ್ಕವಾಗಿರಲಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದನ್ನು ಮೊದಲೇ ತಿಳಿಸಿ ಚೆಕ್ಕಿನಲ್ಲೇ ಪಡೆಯಿರಿ.

ಪ್ರಶ್ನೆ: ನಾನು ಸರ್ಕಾರಿ ಪಿಯು ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದೇನೆ. ಊರಿನ ಒಂದು ಟ್ರಸ್ಟ್ ಸ್ಕಾಲರ್‌ಶಿಪ್ ಕೊಡುತ್ತದೆ. ಆದರೆ ವೇದಿಕೆ ಮೇಲೆ ಕರೆದು ‘ಕಡುಬಡವರು’ ಎಂದು ಮೈಕಿನಲ್ಲಿ ಹೇಳಿ ಫೋಟೊ ತೆಗೆಯುತ್ತಾರೆ. ನಮ್ಮಪ್ಪ ಬೇಡವೇ ಬೇಡ ಎನ್ನುತ್ತಾರೆ. ಡಿಗ್ರಿಗೆ ಹೋಗಬೇಕೆಂದು ಆಸೆ ಇದೆ, ಏನು ಮಾಡಲಿ?

ಉತ್ತರ: ತಂಗಿ, ನಿಮ್ಮಪ್ಪ ಸರಿ. ಸಹಾಯ ಕೇಳುವುದು ತಪ್ಪಲ್ಲ, ಹಾಗೆ ನಿಲ್ಲಿಸಿ ಕೊಡುವುದು ತಪ್ಪು. ಆ ಟ್ರಸ್ಟಿನವರಿಗೆ ನಿಮ್ಮ ಪ್ರಾಂಶುಪಾಲರ ಕಡೆಯಿಂದ ಒಂದು ಮಾತು ಹೇಳಿಸಿ: ಹಣ ವಿದ್ಯಾರ್ಥಿನಿಯ ಖಾತೆಗೆ ನೇರ ಬರಲಿ, ವೇದಿಕೆ ಬೇಡ. ಒಪ್ಪದಿದ್ದರೆ ಬಿಡಿ, ಬೇರೆ ದಾರಿ ಇದೆ.

ಹತ್ತನೇ ತರಗತಿ, ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಮುಗಿಸಿ ಪದವಿಗೋ ಡಿಪ್ಲೊಮಾಕ್ಕೋ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30 ಸಾವಿರ ರೂಪಾಯಿ ಕೊಡುವ ಯೋಜನೆ 2025ರಿಂದ ಕರ್ನಾಟಕದಲ್ಲೂ ಇದೆ. ಕೋರ್ಸ್ ಮುಗಿಯುವ ತನಕ ಪ್ರತಿ ವರ್ಷ, ನಿಮ್ಮದೇ ಖಾತೆಗೆ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ಅರ್ಜಿ ತುಂಬಿಕೊಡುತ್ತೇನೆಂದು ದುಡ್ಡು ಕೇಳುವವರನ್ನು ಹತ್ತಿರ ಸೇರಿಸಬೇಡಿ. ಇದಲ್ಲದೆ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ಶಹಾಪುರ, ಸುರಪುರ, ಯಾದಗಿರಿಯಲ್ಲಿವೆ. ಅಲ್ಲಿ ಸೀಟು ಸಿಕ್ಕರೆ ಊಟ ವಸತಿಯ ಚಿಂತೆ ಕಳೆಯುತ್ತದೆ. ಈಗಿಂದಲೇ ಆಧಾರ್, ಬ್ಯಾಂಕ್ ಪಾಸ್‌ಬುಕ್, ಎರಡೂ ಅಂಕಪಟ್ಟಿಗಳಲ್ಲಿ ನಿಮ್ಮ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದೆ ಅರ್ಜಿ ನಿಂತುಹೋಗುವುದುಂಟು. ತಿದ್ದಿಸಲು ತಿಂಗಳುಗಳೇ ಹಿಡಿಯುತ್ತವೆ, ಆದ್ದರಿಂದ ಪರೀಕ್ಷೆಗೆ ಮೊದಲೇ ತಿದ್ದಿಸಿಕೊಳ್ಳಿ.

ಟ್ರಸ್ಟ್ ನಡೆಸುವ ಓದುಗರು ಈ ಹುಡುಗಿಯ ಪತ್ರವನ್ನು ಇನ್ನೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಈ ವರ್ಷದ ಸ್ಕಾಲರ್‌ಶಿಪ್ಪನ್ನು ದಯವಿಟ್ಟು ಸಮಾರಂಭವಿಲ್ಲದೆ ಕೊಡಿ.